ಬ್ಯಾಗ್ ಕಾಯುವ ಮಕ್ಕಳಿಗೂ ಮೈದಾನದ ಹಕ್ಕಿದೆ

ಆಟದ ಪೀರಿಯಡ್ ಬಂತೆಂದರೆ ತರಗತಿ ಖಾಲಿಯಾಗುತ್ತದೆ. ಮೈದಾನದಲ್ಲಿ ಕೊಕ್ಕೊ, ಕಬಡ್ಡಿ, ವಾಲಿಬಾಲ್ ಶುರುವಾಗುತ್ತದೆ. ಅಂಚಿನ ಕಟ್ಟೆಯ ಮೇಲೆ ಒಬ್ಬ ಹುಡುಗ ಉಳಿಯುತ್ತಾನೆ. ಅವನ ಸುತ್ತ ಗೆಳೆಯರ ಬ್ಯಾಗು, ನೀರಿನ ಬಾಟಲಿ, ಕಳಚಿಟ್ಟ ಚಪ್ಪಲಿಗಳು. ಕೈಯಲ್ಲಿ ಮೇಷ್ಟ್ರು ಕೊಟ್ಟ ನೋಟ್‌ಬುಕ್. ಯಾರಿಗೆ ಎಷ್ಟು ಪಾಯಿಂಟ್ ಎಂದು ಬರೆದಿಡುವ ಕೆಲಸ. ಕಾಲಿನ ಸ್ನಾಯು ಬಿಗಿದ ಮಗುವಿಗೆ, ದೃಷ್ಟಿ ಮಂದವಾದ ಮಗುವಿಗೆ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿಗೆ ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಸೀಮೆಯ ಅನೇಕ ಶಾಲೆಗಳಲ್ಲಿ ಸಿಗುವ ದೈಹಿಕ ಶಿಕ್ಷಣ ಇಷ್ಟೇ. ಇದರ ಹಿಂದೆ ಕೆಟ್ಟ ಉದ್ದೇಶವಿರುವುದು ಅಪರೂಪ. ‘ಪಾಪ, ಬಿದ್ದು ಪೆಟ್ಟು ಮಾಡಿಕೊಂಡಾನು’ ಎಂಬ ಕನಿಕರವಿದೆ, ‘ನಾಳೆ ಏನಾದರೂ ಆದರೆ ಯಾರು ಹೊಣೆ’ ಎಂಬ ಅಂಜಿಕೆಯಿದೆ. ಆದರೆ ಆ ಕನಿಕರದ ನೆರಳಿನಲ್ಲೇ ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿಯವರೆಗೆ ಒಂದೇ ಒಂದು ಸಲ ಚೆಂಡು ಹಿಡಿಯದೆ ಹೊರಬರುವ ಮಕ್ಕಳಿದ್ದಾರೆ.

ವರ್ಷಕ್ಕೊಮ್ಮೆ ಅವರಿಗೂ ಕರೆ ಬರುತ್ತದೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆಯ ಹೊತ್ತಿಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಓಟ, ಗುಂಡು ಎಸೆತ, ಸಂಗೀತ ಕುರ್ಚಿ. ಸಂಜೆ ಪ್ರಮಾಣಪತ್ರ, ಫೋಟೊ. ಆ ದಿನ ಬೇಡ ಎಂದು ನಾನು ಹೇಳುವುದಿಲ್ಲ. ಆ ಮೈದಾನಕ್ಕೆ ಬಂದ ಮಗುವಿನ ಮುಖ ನೋಡಿದವರು ಯಾರೂ ಹಾಗೆ ಹೇಳಲಾರರು. ಆದರೆ ಉಳಿದ 364 ದಿನ ಅಭ್ಯಾಸವಿಲ್ಲದ ಮಗುವನ್ನು ಒಂದು ದಿನ ಟ್ರ್ಯಾಕಿನ ಮೇಲೆ ನಿಲ್ಲಿಸಿ ಚಪ್ಪಾಳೆ ತಟ್ಟುವುದನ್ನು ಕ್ರೀಡೆ ಎನ್ನಲಾಗದು. ಕಾನೂನಂತೂ ಹಾಗೆ ಎನ್ನುವುದೇ ಇಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಿಂದಿನ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು ಎಲ್ಲವೂ ಇದರೊಳಗೆ ಬರುತ್ತವೆ. ಶಾಲೆಗೆ ಸಂಬಂಧಿಸಿದ 16ನೇ ಕಲಂ ಬಹಳ ಜನರಿಗೆ ಗೊತ್ತು. ಆದರೆ ಅದನ್ನು ಓದುವವರು ‘ತಾರತಮ್ಯವಿಲ್ಲದೆ ಪ್ರವೇಶ ಕೊಡಬೇಕು’ ಎಂಬಲ್ಲಿಗೇ ನಿಲ್ಲುತ್ತಾರೆ. ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಇತರ ಮಕ್ಕಳಿಗೆ ಸಮನಾಗಿ ಶಿಕ್ಷಣವನ್ನೂ, ಕ್ರೀಡೆ ಮತ್ತು ಮನರಂಜನೆಯ ಅವಕಾಶಗಳನ್ನೂ ಒದಗಿಸಬೇಕು ಎಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಅಂದರೆ ವಿದ್ಯಾನಗರದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯೂ ಬಂತು, ಶಿಗ್ಗಾವಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೂ ಬಂತು.

ಕಾಯ್ದೆಯ 30ನೇ ಕಲಂ ಪೂರ್ತಿ ಕ್ರೀಡೆಗೇ ಮೀಸಲು. ಕ್ರೀಡಾ ಪ್ರಾಧಿಕಾರಗಳು ತಮ್ಮ ಯೋಜನೆಗಳಲ್ಲಿ ಅಂಗವೈಕಲ್ಯವಿರುವವರನ್ನು ಸೇರಿಸಿಕೊಳ್ಳಬೇಕು, ತರಬೇತಿಯ ಕ್ರಮವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು, ಮೈದಾನದ ಸೌಲಭ್ಯಗಳನ್ನು ಮರುವಿನ್ಯಾಸ ಮಾಡಬೇಕು, ಹಣ ತೆಗೆದಿಡಬೇಕು ಎನ್ನುತ್ತದೆ. ಪ್ರತ್ಯೇಕ ಕ್ರೀಡಾಕೂಟ ನಡೆಸುವುದನ್ನೂ ಅದು ಹೇಳುತ್ತದೆ, ಆದರೆ ಪಟ್ಟಿಯ ಕೊನೆಯಲ್ಲಿ. ನಮ್ಮ ಜಿಲ್ಲೆಗಳಲ್ಲಿ ಆಗಿರುವುದು ತದ್ವಿರುದ್ಧ: ಪಟ್ಟಿಯ ಕೊನೆಯ ಅಂಶವೊಂದನ್ನೇ ಹಿಡಿದು ಉಳಿದದ್ದನ್ನು ಬಿಟ್ಟಿದ್ದೇವೆ. ಇದಕ್ಕೂ ಮೊದಲೇ, 2007ರ ಅಕ್ಟೋಬರ್ 1ರಂದು ಭಾರತ ಅಂಗೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಈ ಮಾತನ್ನು ಮಕ್ಕಳ ಹೆಸರೆತ್ತಿ ಹೇಳಿತ್ತು. ಆಟ, ವಿರಾಮ, ಕ್ರೀಡೆಯಲ್ಲಿ ಇತರ ಮಕ್ಕಳಷ್ಟೇ ಅವಕಾಶ ಇರಬೇಕು, ಶಾಲೆಯ ಒಳಗಿನ ಚಟುವಟಿಕೆಗಳಲ್ಲೂ ಇರಬೇಕು ಎಂದು.

ಈ ಎಲ್ಲಕ್ಕೂ ಜೀವ ತುಂಬುವುದು ಕಾಯ್ದೆಯ ಇನ್ನೊಂದು ಭಾಗ: ಸಮಂಜಸ ಹೊಂದಾಣಿಕೆ. ಇತರರಂತೆ ಹಕ್ಕು ಅನುಭವಿಸಲು ಒಬ್ಬ ವ್ಯಕ್ತಿಗೆ ಬೇಕಾದ ಬದಲಾವಣೆಯನ್ನು, ಎದುರಿನವರಿಗೆ ಅತಿಯಾದ ಹೊರೆಯಾಗದ ಮಟ್ಟಿಗೆ ಮಾಡಿಕೊಡುವುದು ಇದರ ಅರ್ಥ. ಇದನ್ನು ನಿರಾಕರಿಸುವುದೇ ತಾರತಮ್ಯ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಮಗುವನ್ನು ಯಾರೂ ಬೈಯಬೇಕಿಲ್ಲ, ಹೊರಗೆ ಹಾಕಬೇಕಿಲ್ಲ. ಮಾಡಬಹುದಾದ ಸಣ್ಣ ಬದಲಾವಣೆ ಮಾಡದೆ ಸುಮ್ಮನಿದ್ದರೂ ಸಾಕು, ತಾರತಮ್ಯವಾಯಿತು.

ತಾಲ್ಲೂಕು ಕ್ರೀಡಾಕೂಟದ 100 ಮೀಟರ್ ಓಟವನ್ನು ತೆಗೆದುಕೊಳ್ಳಿ. ಸುಣ್ಣದ ಗೆರೆಯ ಮೇಲೆ ಎಂಟು ಹುಡುಗಿಯರು ಬಗ್ಗಿದ್ದಾರೆ. ಹಿಂದೆ ನಿಂತ ಶಿಕ್ಷಕರು ಎರಡು ಮರದ ಹಲಗೆಗಳನ್ನು ಪಟ್ ಎಂದು ಬಡಿಯುತ್ತಾರೆ. ಆರನೇ ಲೇನಿನ ಹುಡುಗಿಗೆ ಕಿವಿ ಕೇಳುವುದಿಲ್ಲ. ಅವಳ ಕಣ್ಣು ಮುಂದಿನ ದಾರಿಯ ಮೇಲಿಲ್ಲ. ಪಕ್ಕದ ಹುಡುಗಿಯ ಹಿಮ್ಮಡಿಯ ಮೇಲಿದೆ. ಆ ಹಿಮ್ಮಡಿ ಎದ್ದ ಮೇಲೆಯೇ ಅವಳಿಗೆ ಓಟ ಶುರುವಾದದ್ದು ತಿಳಿಯುತ್ತದೆ. ಕತ್ತು ತಿರುಗಿಸಿಕೊಂಡೇ ಎದ್ದ ದೇಹ ನೇರವಾಗಲು ಇನ್ನೆರಡು ಹೆಜ್ಜೆ ಬೇಕು. ನೂರು ಮೀಟರ್‌ನಲ್ಲಿ ಅದು ಮೊದಲ ಸ್ಥಾನಕ್ಕೂ ಐದನೇ ಸ್ಥಾನಕ್ಕೂ ಇರುವ ಅಂತರ. ಫಲಿತಾಂಶ ಪಟ್ಟಿಯಲ್ಲಿ ಅವಳು ‘ನಿಧಾನ’. ಪರಿಹಾರಕ್ಕೆ ಬೇಕಾದದ್ದು ಒಂದು ಕೆಂಪು ಬಾವುಟ. ಹಲಗೆ ಬಡಿಯುವ ಹೊತ್ತಿಗೇ ಓಟಗಾರರ ಎದುರಿಗೆ, ಅವಳಿಗೆ ಕಾಣುವ ಜಾಗದಲ್ಲಿ ಇನ್ನೊಬ್ಬ ಶಿಕ್ಷಕರು ಅದನ್ನು ಕೆಳಗಿಳಿಸಿದರೆ ಮುಗಿಯಿತು. ಉಳಿದ ಏಳು ಹುಡುಗಿಯರಿಂದ ಅದು ಏನನ್ನೂ ಕಿತ್ತುಕೊಳ್ಳುವುದಿಲ್ಲ, ಓಟದ ನಿಯಮ ಸಡಿಲವಾಗುವುದಿಲ್ಲ. ಶ್ರವಣ ದೋಷವಿರುವವರ ಅಂತರರಾಷ್ಟ್ರೀಯ ಕೂಟವಾದ ಡೆಫ್ಲಿಂಪಿಕ್ಸ್‌ನಲ್ಲಿ ಇದೇ ಕೆಲಸವನ್ನು ದೀಪಗಳು ಮಾಡುತ್ತವೆ.

ಆ ಬಾವುಟ ಕೇಳಲು ‘ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ತನ್ನಿ’ ಎಂದು ಹೇಳುವ ರೂಢಿಯೊಂದಿದೆ. ಇದು ತಪ್ಪು ತಿಳಿವಳಿಕೆ. ಉದ್ಯೋಗ ಮೀಸಲಾತಿಗೆ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ವಿಶೇಷ ಹಕ್ಕಿಗೆ ಶೇ 40ರ ಮಿತಿ ಇದೆ, ನಿಜ. ಆದರೆ 16 ಮತ್ತು 30ನೇ ಕಲಂಗಳು ಆ ಮಿತಿಯನ್ನು ಹೇಳುವುದೇ ಇಲ್ಲ. ದೀರ್ಘಕಾಲದ ವೈಕಲ್ಯವಿದ್ದರೆ ಸಾಕು. 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೊಂದಲವನ್ನು ಬಿಡಿಸಿದೆ. ಅದು ಪರೀಕ್ಷೆ ಬರೆಯಲು ಸಹಾಯಕ ಬೇಕೆಂದು ಕೇಳಿದ ಅಭ್ಯರ್ಥಿಯ ಪ್ರಕರಣ. ಸಮಂಜಸ ಹೊಂದಾಣಿಕೆಯ ಹಕ್ಕನ್ನು ಶೇ 40 ದಾಟಿದವರಿಗೆ ಮಾತ್ರ ಕಟ್ಟಿಹಾಕುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಪರೀಕ್ಷಾ ಕೊಠಡಿಗೆ ಅನ್ವಯಿಸುವ ತರ್ಕ ಓಟದ ಗೆರೆಗೂ ಅನ್ವಯಿಸುತ್ತದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕಾದದ್ದು ಹೌದು, ಬಸ್ ಪಾಸಿನಿಂದ ವಿದ್ಯಾರ್ಥಿವೇತನದವರೆಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕಾರ್ಡ್ ಕೈಸೇರುವವರೆಗೆ ಮಗು ಕಟ್ಟೆಯ ಮೇಲೆ ಕೂರಬೇಕಿಲ್ಲ.

ಹಾಗಾದರೆ ಶಾಲೆ ಎಂದೂ ‘ಆಗುವುದಿಲ್ಲ’ ಎನ್ನುವಂತಿಲ್ಲವೇ? ಅನ್ನಬಹುದು, ಕಾರಣ ತೋರಿಸಿ. ನ್ಯಾಯಯುತ ಉದ್ದೇಶವೊಂದಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮ ಅದು ಎಂದು ತೋರಿಸಿಕೊಟ್ಟರೆ ಅದು ತಾರತಮ್ಯವಾಗದು ಎಂದು 3ನೇ ಕಲಂ ಹೇಳುತ್ತದೆ. ಮಗುವಿನ ಸುರಕ್ಷತೆ ಖಂಡಿತ ನ್ಯಾಯಯುತ ಉದ್ದೇಶ. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವ ಹುಡುಗನನ್ನು ಕಬಡ್ಡಿ ಅಂಕಣಕ್ಕೆ ಇಳಿಸುವುದು ಅಪಾಯ. ಮೈಗೆ ಮೈ ಡಿಕ್ಕಿಯಾದರೆ ಕೀಲಿನೊಳಗೆ ರಕ್ತಸ್ರಾವವಾಗುತ್ತದೆ. ಆದರೆ ಅದೇ ಹುಡುಗನಿಗೆ ಈಜು ಒಳ್ಳೆಯ ವ್ಯಾಯಾಮ ಎಂದು ವೈದ್ಯರೇ ಹೇಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಜೋಡಣೆ ಸಡಿಲವಾಗಿರುತ್ತದೆ. ಅಂಥವರಿಗೆ ಲಾಗ ಹಾಕುವುದು, ತಲೆ ಮುಂದಾಗಿ ನೀರಿಗೆ ಜಿಗಿಯುವುದು ಬೇಡ. ಓಟ, ಬೋಚಿ (ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಉರುಳಿಸುವ ಆಟ), ಚೆಂಡೆಸೆತಕ್ಕೆ ಅಡ್ಡಿಯಿಲ್ಲ. ಹೀಗೆ ಒಂದೊಂದು ಮಗುವನ್ನು ನೋಡಿ, ವೈದ್ಯರನ್ನು ಕೇಳಿ, ಒಂದು ಆಟಕ್ಕೆ ಬೇಡ ಎಂದು ಇನ್ನೊಂದಕ್ಕೆ ಕರೆದೊಯ್ದರೆ ಅದು ಸುರಕ್ಷತೆ. ‘ಇಂಥ ಮಕ್ಕಳನ್ನು ನಾವು ಆಡಿಸುವುದಿಲ್ಲ’ ಎಂದು ಒಟ್ಟಾರೆ ಹೇಳಿಬಿಟ್ಟರೆ ಕಾಯ್ದೆಯ ಕಣ್ಣಿನಲ್ಲಿ ಅದು ನಿಲ್ಲುವುದಿಲ್ಲ.

ತಂಡದ ಆಯ್ಕೆಯ ಪ್ರಶ್ನೆ ಬೇರೆ. ಶಾಲಾ ತಂಡದಲ್ಲಿ ಸ್ಥಾನ ಕೊಟ್ಟೇ ಕೊಡಬೇಕು ಎಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ, ಹೇಳಬೇಕೆಂದು ನಾನೂ ವಾದಿಸುವುದಿಲ್ಲ. ಆಯ್ಕೆ ಆಟದ ಮೇಲೆಯೇ ನಡೆಯಲಿ. ಆದರೆ ಆಯ್ಕೆ ಪರೀಕ್ಷೆಗೆ ನಿಲ್ಲುವ ಅವಕಾಶ, ಅಲ್ಲಿ ಬೇಕಾದ ಹೊಂದಾಣಿಕೆ, ಅದಕ್ಕೂ ಮೊದಲು ಎಲ್ಲರ ಜೊತೆ ಅಭ್ಯಾಸ ಮಾಡುವ ಹಕ್ಕು ಇವು ಮೂರೂ ಚೌಕಾಸಿಗೆ ಒಳಪಡುವಂಥವಲ್ಲ. ಅಮೆರಿಕದಲ್ಲಿ ಈ ಗೆರೆಯನ್ನು ಎಳೆದದ್ದು 2001ರ ಒಂದು ತೀರ್ಪು. ಕಾಲಿನ ರಕ್ತಪರಿಚಲನೆಯ ತೊಂದರೆಯಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ಹೊಡೆತಗಳ ನಡುವೆ ನಡೆಯುವ ಬದಲು ಗಾಡಿಯಲ್ಲಿ ಹೋಗಲು ಅನುಮತಿ ಕೇಳಿದ್ದರು. ನಡೆಯುವುದು ಗಾಲ್ಫ್ ಆಟದ ಮೂಲ ಸ್ವರೂಪವಲ್ಲ, ಆದ್ದರಿಂದ ಗಾಡಿ ಕೊಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಶಾಲಾ ಕ್ರೀಡೆಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಿವಿ ಕೇಳದ ಓಟಗಾರನಿಗೆ ಕಣ್ಣಿಗೆ ಕಾಣುವ ಸಂಕೇತ ಕೊಡುವ ಉದಾಹರಣೆಯೇ ಇದೆ. ಎರಡೂ ಕೈ ಗೋಡೆಗೆ ತಾಗಬೇಕೆಂಬ ನಿಯಮವಿರುವ ಈಜಿನಲ್ಲಿ ಒಂದೇ ಕೈಯಿರುವ ವಿದ್ಯಾರ್ಥಿಗೆ ವಿನಾಯಿತಿ ನೀಡುವ ಉದಾಹರಣೆಯೂ ಇದೆ. ನಮ್ಮ ನ್ಯಾಯಾಲಯಗಳನ್ನು ಅದು ಬಂಧಿಸುವುದಿಲ್ಲ. ಆದರೆ ಆಟದ ತಿರುಳು ಯಾವುದು, ರೂಢಿ ಯಾವುದು ಎಂದು ಬಿಡಿಸಿ ನೋಡುವ ಆ ಬಗೆ ನಮ್ಮ ದೈಹಿಕ ಶಿಕ್ಷಣ ಶಿಕ್ಷಕರಿಗೆ ನಾಳೆಯಿಂದಲೇ ಬಳಕೆಗೆ ಬರುತ್ತದೆ.

‘ಅವರಿಗೆ ಪ್ಯಾರಾ ಕ್ರೀಡೆ ಇದೆಯಲ್ಲ’ ಎಂಬ ಉತ್ತರವೂ ಆಗಾಗ ಕೇಳಿಬರುತ್ತದೆ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ ಗೆದ್ದ 29 ಪದಕಗಳು, 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಕನ್ನಡತಿ ದೀಪಿಕಾ ಟಿ.ಸಿ. ನಾಯಕತ್ವದ ತಂಡ ಗೆದ್ದ ಅಂಧ ಮಹಿಳೆಯರ ಟಿ20 ವಿಶ್ವಕಪ್, ಹಾಸನ ಜಿಲ್ಲೆಯ ಗಿರೀಶ್ ಎಚ್.ಎನ್. 2012ರ ಲಂಡನ್‌ನಲ್ಲಿ ಎತ್ತರ ಜಿಗಿತದಲ್ಲಿ ತಂದ ಬೆಳ್ಳಿ, ಎಲ್ಲವೂ ಹೆಮ್ಮೆಯ ಸಂಗತಿಗಳೇ. ಆದರೆ ಈ ಉತ್ತರದಲ್ಲಿ ದೊಡ್ಡ ಕಂದಕವೊಂದಿದೆ. ನಮ್ಮ ಕಾಯ್ದೆ ಗುರುತಿಸುವುದು 21 ವೈಕಲ್ಯಗಳನ್ನು; ಪ್ಯಾರಾಲಿಂಪಿಕ್ ವ್ಯವಸ್ಥೆ ಪರಿಗಣಿಸುವುದು ಹತ್ತು ಬಗೆಯ ದೌರ್ಬಲ್ಯಗಳನ್ನು ಮಾತ್ರ. ಶ್ರವಣ ದೋಷ ಅದರಲ್ಲಿಲ್ಲ. ಅದಕ್ಕಿರುವ ಡೆಫ್ಲಿಂಪಿಕ್ಸ್‌ಗೆ ಚೆನ್ನಾಗಿ ಕೇಳುವ ಕಿವಿಯಲ್ಲೇ ಕನಿಷ್ಠ 55 ಡೆಸಿಬಲ್ ನಷ್ಟವಿರಬೇಕು. ಬೌದ್ಧಿಕ ವೈಕಲ್ಯವಿರುವವರಿಗೆ ಸ್ಪೆಷಲ್ ಒಲಿಂಪಿಕ್ಸ್ ಇದೆ, ಎಂಟು ವರ್ಷದಿಂದಲೇ ಸ್ಪರ್ಧಿಸಬಹುದು. 45 ಡೆಸಿಬಲ್ ನಷ್ಟವಿರುವ ಹುಡುಗಿ ಎಲ್ಲಿಗೆ ಹೋಗಬೇಕು? ಥಲಸ್ಸೀಮಿಯಾ ಇರುವ ಹುಡುಗ? ಕಲಿಕಾ ನ್ಯೂನತೆ ಇರುವವನು? ಇವರಿಗೆ ಶಾಲೆಯ ಮೈದಾನ ಬಿಟ್ಟರೆ ಬೇರೆ ಮೈದಾನವೇ ಇಲ್ಲ. ಇನ್ನು ಪ್ಯಾರಾ ವಿಭಾಗಕ್ಕೆ ಅರ್ಹತೆ ಇರುವ ಮಗುವಾದರೂ ಅಲ್ಲಿಗೆ ಹೋಗುವ ಮುನ್ನ ಎಲ್ಲಾದರೂ ಓಡಲು, ಎಸೆಯಲು ಕಲಿತಿರಬೇಕಲ್ಲವೇ?

ಗದಗದಲ್ಲಿ ಈ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರು ನೆಲೆಗೊಳಿಸಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಎಷ್ಟೋ ದಶಕಗಳಿಂದ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಡುತ್ತ ಬಂದಿದೆ. ಕಣ್ಣಿಲ್ಲದ ಹುಡುಗ ತಬಲಾ ಕಲಿಯಬಲ್ಲನೇ ಎಂದು ಈ ನಾಡಿನಲ್ಲಿ ಯಾರೂ ಕೇಳುವುದಿಲ್ಲ. ಗುರುವಿದ್ದಾರೆ, ಪಾಠದ ಕ್ರಮವಿದೆ, ದಿನಂಪ್ರತಿ ರಿಯಾಜ್ ಇದೆ, ಆದ್ದರಿಂದ ಕಲಿಯುತ್ತಾನೆ. ಅದೇ ಹುಡುಗ 200 ಮೀಟರ್ ಓಡುತ್ತೇನೆ ಎಂದರೆ ಜನ ಬೆರಗಾಗುತ್ತಾರೆ. ಅಂಧ ಓಟಗಾರರ ಜೊತೆ ಮಾರ್ಗದರ್ಶಿ ಓಟಗಾರ ಒಂದು ಸಣ್ಣ ಪಟ್ಟಿಯ ಎರಡು ತುದಿಗಳನ್ನು ಹಂಚಿಕೊಂಡು ಓಡುವುದು, ಗುರಿ ಮುಟ್ಟುವಾಗ ಮಾರ್ಗದರ್ಶಿ ಮುಂದಾಗುವಂತಿಲ್ಲ ಎಂಬ ನಿಯಮವಿರುವುದು, ಅಂಧರ ಕ್ರಿಕೆಟ್‌ನಲ್ಲಿ ಒಳಗೆ ಗುಂಡುಗಳು ಗಲಗಲ ಎನ್ನುವ ಪ್ಲಾಸ್ಟಿಕ್ ಚೆಂಡನ್ನು ಕೈ ಕೆಳಗಿನಿಂದ ಉರುಳಿಸಿ ಎಸೆಯುವುದು, ಪೂರ್ಣ ಅಂಧ ಬ್ಯಾಟರ್ ಗಳಿಸಿದ ರನ್ನನ್ನು ದುಪ್ಪಟ್ಟು ಎಣಿಸುವುದು ಇವೆಲ್ಲವೂ ಪಾಠದ ಕ್ರಮವೇ. ಸಂಗೀತಕ್ಕೆ ಇದ್ದದ್ದು ಕ್ರೀಡೆಗೂ ಸಿದ್ಧವಾಗಿದೆ. ಕಲಿಸುವವರು ಬೇಕು.

ಕಲಿಸುವವರ ಕೊರತೆಯೇ ಈ ಭಾಗದ ನಿಜವಾದ ಗಂಟು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಮೈದಾನ, ಆಟದ ಸಾಮಗ್ರಿ, ಅಡೆತಡೆಯಿಲ್ಲದ ಪ್ರವೇಶ ಮೂರನ್ನೂ ಕೇಳುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳಿರುವುದು ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಮಾತ್ರ. ಹಳ್ಳಿಯ ಸಣ್ಣ ಶಾಲೆಯಲ್ಲಿ ಗಣಿತದ ಶಿಕ್ಷಕರೇ ಸೀಟಿ ಊದಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು ಇರುತ್ತಾರೆ. ಮಗುವಿನ ಓದು, ಬರಹ, ಸಾಧನ ಸಲಕರಣೆ ಎಂದು ಅವರ ಗಮನವೆಲ್ಲ ತರಗತಿಯೊಳಗೆ ಮುಗಿಯುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರೂ ಬಿಐಇಆರ್‌ಟಿಯೂ ಒಟ್ಟಿಗೆ ಕೂತು ಒಂದು ಮಗುವಿನ ಆಟದ ಬಗ್ಗೆ ಅರ್ಧ ಗಂಟೆ ಮಾತಾಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ ಎಂಬುದು ನನ್ನ ನಂಬಿಕೆ.

ಹಣ ಇಲ್ಲವೇ ಇಲ್ಲ ಎನ್ನಲಾಗದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅವಕಾಶವಿದೆ. ಖರೀದಿ ಪಟ್ಟಿ ಮಾಡುವಾಗ ವಾಲಿಬಾಲ್ ನೆಟ್ಟಿನ ಜೊತೆ ಒಂದು ಸದ್ದು ಮಾಡುವ ಚೆಂಡು, ಬೋಚಿ ಸೆಟ್ ಸೇರಿಸಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ಪೋಷಕರು ಕೇಳಿದರೂ ಸಾಕು. ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡುವ ಶೇ 5ರ ಅನುದಾನವೂ ಇದೆ. ಶಾಲಾ ಮೈದಾನಕ್ಕೆ ಇಳಿಯುವ ಇಳಿಜಾರು ದಾರಿಯೊಂದನ್ನು ಅದರಲ್ಲಿ ಕೇಳಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಕ್ರೀಡಾಂಗಣಗಳ ಕಟ್ಟಡದ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ ಪ್ರವೇಶದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ನಿಲ್ದಾಣದ ನೆಲದ ಮಟ್ಟದಿಂದಲೇ ಗಾಲಿಕುರ್ಚಿ ಹತ್ತಿಸಬಹುದು ಎಂಬುದನ್ನು ಈ ಅವಳಿ ನಗರ ತೋರಿಸಿಕೊಟ್ಟಿದೆ. ರಸ್ತೆಗೆ ಸಾಧ್ಯವಾದ ವಿನ್ಯಾಸ ಗ್ಯಾಲರಿಗೂ ಶೌಚಾಲಯಕ್ಕೂ ಸಾಧ್ಯ. ಶೌಚಾಲಯದ ಮಾತು ಮುಖ್ಯ. ಹೆಣ್ಣುಮಕ್ಕಳು ಕ್ರೀಡಾಕೂಟಕ್ಕೆ ಬರದಿರಲು ಎಷ್ಟೋ ಸಲ ಅದೊಂದೇ ಕಾರಣ. ಮಗುವಿಗೂ, ಹೆಚ್ಚಿನ ನೆರವು ಬೇಕಾದ ಮಗುವಿನ ಸಹಾಯಕರಿಗೂ ಸಾರಿಗೆ ಒದಗಿಸಬೇಕೆಂದು 16ನೇ ಕಲಂ ಹೇಳುತ್ತದೆ. ವಲಯ ಮಟ್ಟದ ಕೂಟಕ್ಕೆ ಹೊರಡುವ ಟೆಂಪೊದಲ್ಲಿ ಜಾಗವಿಲ್ಲ ಎಂಬ ಕಾರಣಕ್ಕೆ ಗಾಲಿಕುರ್ಚಿಯ ಮಗುವನ್ನು ಬಿಟ್ಟು ಹೋಗುವುದು ಆ ಕಲಂಗೆ ವಿರುದ್ಧ.

ಕಾನೂನಿನ ದುರ್ಬಲ ಜಾಗಗಳನ್ನೂ ಹೇಳಬೇಕು. 16ನೇ ಕಲಂ ಸರ್ಕಾರಕ್ಕೆ ‘ಪ್ರಯತ್ನಿಸಬೇಕು’ ಎಂಬ ಹೊಣೆಯನ್ನಷ್ಟೇ ಹೊರಿಸುತ್ತದೆ. ರಾಜ್ಯ ಅಂಗವಿಕಲರ ಆಯುಕ್ತರು ದೂರು ವಿಚಾರಿಸುವಾಗ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರ ಹೊಂದಿದ್ದರೂ ಕೊನೆಗೆ ಕೊಡುವುದು ಶಿಫಾರಸು. ಆದರೆ ಅದಕ್ಕೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಹೀಗೆ ಬರಹದಲ್ಲಿ ಬಂದ ಕಾರಣ ಮುಂದೆ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಡಬಹುದಾದ ದಾಖಲೆಯಾಗುತ್ತದೆ. ಕಾಯ್ದೆಯ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ತರಬೇತುದಾರನೊಬ್ಬ ಹತ್ತು ಜನರೆದುರು ಮಗುವನ್ನು ‘ಕುಂಟ’, ‘ಮೂಗ’ ಎಂದು ಬೇಕೆಂದೇ ಅವಮಾನಿಸಿದರೆ ಅದು 92ನೇ ಕಲಂನ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಅಲ್ಲಿಯವರೆಗೆ ಹೋಗುವ ಪ್ರಮೇಯ ಬಾರದಿರಲಿ ಎಂದೇ ಎಲ್ಲ ಪೋಷಕರು ಬಯಸುತ್ತಾರೆ. ಮಗು ನಾಳೆಯೂ ಅದೇ ಶಾಲೆಗೆ ಹೋಗಬೇಕು. ಆದ್ದರಿಂದ ಮೊದಲ ಹೆಜ್ಜೆ ಜಗಳವಲ್ಲ, ಒಂದು ಪತ್ರ. ವಲಯ ಕ್ರೀಡಾಕೂಟಗಳು ಶುರುವಾಗುವ ಮೊದಲೇ, ಜೂನ್‌ನಲ್ಲಿ ಶಾಲೆ ತೆರೆದ ವಾರಗಳಲ್ಲಿ, ಮುಖ್ಯ ಶಿಕ್ಷಕರ ಹೆಸರಿಗೆ ಅದನ್ನು ಬರೆಯುವುದು ಒಳ್ಳೆಯದು. ಮಗುವಿಗೆ ಏನು ಆಗುವುದಿಲ್ಲ ಎಂಬ ಪಟ್ಟಿಗಿಂತ ಏನು ಬೇಕು ಎಂಬುದು ಅದರಲ್ಲಿರಲಿ: ಬಾವುಟ, ಜೊತೆಗೆ ಓಡುವ ಗೆಳೆಯ, ಹತ್ತು ನಿಮಿಷಕ್ಕೊಮ್ಮೆ ವಿರಾಮ, ಸೀಟಿಯ ಬದಲು ಕೈಸನ್ನೆ. ಯಾವ ಆಟ ಇಷ್ಟ ಎಂದು ಮಗುವನ್ನೇ ಕೇಳಿ ಬರೆಯಬೇಕು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕನ್ನು ಕಾಯ್ದೆಯ 4ನೇ ಕಲಂ ಮಗುವಿಗೆ ಕೊಟ್ಟಿದೆ. ವೈದ್ಯರ ಒಂದು ಸಾಲಿನ ಸಲಹೆಯಿದ್ದರೆ ಲಗತ್ತಿಸಿ, ಸ್ವೀಕೃತಿ ಪಡೆದು ಒಂದು ಪ್ರತಿ ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ಅದೇ ಪತ್ರ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಆಮೇಲೆ ಜಿಲ್ಲೆಯ ಉಪನಿರ್ದೇಶಕರಾದ ಡಿಡಿಪಿಐಗೆ, ಕೊನೆಗೆ ಬೆಂಗಳೂರಿನ ಆಯುಕ್ತರಿಗೆ ಹೋಗುತ್ತದೆ. ವಕೀಲರು ಬೇಕಾದರೆ ಧಾರವಾಡ, ಗದಗ, ಹಾವೇರಿ ಮೂರೂ ಕಡೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಕ್ಕಳಿಗೂ ಅಂಗವೈಕಲ್ಯವಿರುವವರಿಗೂ ಅಲ್ಲಿ ನೆರವು ಉಚಿತ, ಮನೆಯ ಆದಾಯ ಎಷ್ಟೇ ಇರಲಿ.